ಮಿಲ್ಟ್ರಿ ಲೋಟ

ಅಪ್ಪ ಸತ್ತ ಹನ್ನೊಂದನೇ ದಿನ ಮೋಹನ್‌ಬಾಬು ಆ ಲೋಟ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದ.

ಬರಿಗೈಯಲ್ಲಿ ಬಂದಿದ್ದರೆ ಒಳಗೆ ಕರೆದು ಚಾಪೆ ಹಾಕುತ್ತಿದ್ದೆ. ಸಾವಿನ ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವ ಪದ್ಧತಿ ನಮ್ಮ ಕೇರಿಯಲ್ಲಿಲ್ಲ. ಅದು ಊರಿನವರ ಪದ್ಧತಿ. ಆದರೆ ಅವನ ಕೈಯಲ್ಲಿ ಆ ಲೋಟ ಇತ್ತು. ಪುಡಿ ಹಾಕಿ ಉಜ್ಜಿಸಿದ್ದ, ಫಳಫಳ ಹೊಳೆಯುತ್ತಿತ್ತು. ಯಾರ ಕೈಯಲ್ಲಿ ಉಜ್ಜಿಸಿದನೋ, ಅವನಂತೂ ಉಜ್ಜಿರಲಾರ. ಮೇಲೊಂದು ಸೇವಂತಿಗೆ ಹಾರ ಬೇರೆ ಸುತ್ತಿದ್ದ. ಸ್ಟೀಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಅಂಗಳದಿಂದಲೇ ಓದುವಂತಿತ್ತು. ಮಿಲ್ಟ್ರಿ ಮುನಿಗಂಗಪ್ಪ.

ಅದು ನಮ್ಮಪ್ಪನ ಹೆಸರು. ಅಪ್ಪ ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ಬಂದವನು. ನಾನು ಅವನ ಒಬ್ಬಳೇ ಮಗಳು, ಯಶೋಧರಾ. ಗೌರಿಬಿದನೂರಿನ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತೇನೆ. ನಮ್ಮೂರು ನಗರಗೆರೆ ದಾಟಿ ಆಂಧ್ರದ ಕಡೆ ಹೋಗುವ ರಸ್ತೆಯಲ್ಲಿದೆ. ಮೋಹನ್‌ಬಾಬು ಅಲ್ಲಿನ ಪಂಚಾಯ್ತಿ ಮೆಂಬರು. ಬಸ್‌ಸ್ಟ್ಯಾಂಡಿನ ಎದುರಿಗಿರುವ ಹೋಟೆಲು ಅವನದು. ಅವನಪ್ಪ ವೆಂಕಟರಾಮಪ್ಪ ಕಟ್ಟಿದ್ದು.

ಆ ಹೋಟೆಲಿನಲ್ಲಿ ಊರಿನವರಿಗೆ ಒಳಗೆ ಬೆಂಚು, ಗಾಜಿನ ಲೋಟ. ಕೇರಿಯವರಿಗೆ ಹೊರಗೆ ನಿಂತುಕೊಂಡು ಪೇಪರ್ ಕಪ್ಪು. ಮುಂಚೆ ಗೋಡೆ ಗೂಡಿನಲ್ಲಿ ಬಾಯಿ ಒಡೆದ ಲೋಟಗಳಿರುತ್ತಿದ್ದವು. ಪೇಪರ್ ಕಪ್ಪು ಬಂದ ಮೇಲೆ ಹೋಟೆಲಿನವರಿಗೂ ನಿರಾಳ. ಸ್ವಚ್ಛತೆ ಅಂದುಬಿಟ್ಟರೆ ಸಾಕು, ಯಾರೂ ಕೇಳುವಂತಿಲ್ಲ. ಅಪ್ಪ ತೀರಿಕೊಂಡ ವಾರವೇ ನಮ್ಮ ಕೇರಿಯ ಆಟೋ ಡ್ರೈವರ್ ಹರಿಕೃಷ್ಣ ಇದರ ಮೇಲೆ ತಾಲ್ಲೂಕಿಗೆ ದೂರು ಕೊಟ್ಟಿದ್ದ. ಸೋಮವಾರ ಸಾಹೇಬರು ವಿಚಾರಣೆಗೆ ಬರುವವರಿದ್ದರು.

ಅದಕ್ಕೇ ಈ ಹಾರ, ಈ ಹೊಳಪು. ಮೋಹನ್‌ಬಾಬುವಿನ ಹಿಂದೆ ಅವನ ಚಿಕ್ಕಪ್ಪನ ಮಗ ರಮೇಶ್‌ಬಾಬು ಫೋನು ಎತ್ತಿ ಹಿಡಿದು ನಿಂತಿದ್ದ. ಮೋಹನ್‌ಬಾಬುವಿಗೆ ಮಾತು ಸಲೀಸಾಗಿ ಬಂತು. ನಮ್ಮೂರಲ್ಲಿ ಭೇದ ಎಂಬುದು ಯಾವತ್ತೂ ಇರಲಿಲ್ಲವಂತೆ. ಇದ್ದಿದ್ದರೆ ಒಬ್ಬ ಸೈನಿಕನಿಗೆ ಅವನ ಹೆಸರು ಕೊರೆಸಿ ಲೋಟ ಮೀಸಲಿಡುತ್ತಿದ್ದರಾ? ಈ ಮಾತನ್ನು ಅಮ್ಮ ತನ್ನ ಬಾಯಿಂದ ಹೇಳಬೇಕು. ಲೋಟ ಈಸಿಕೊಳ್ಳುತ್ತಾ ಫೋನಿನ ಮುಂದೆ ಹೇಳಬೇಕು. ಹೇಳಿದರೆ ಹೊಸದಾಗಿ ಕಟ್ಟುತ್ತಿರುವ ಬಸ್ ತಂಗುದಾಣಕ್ಕೆ ಅಪ್ಪನ ಹೆಸರು ಇಡಿಸುತ್ತಾನೆ.

"ವೀರಯೋಧ ಮುನಿಗಂಗಪ್ಪ ತಂಗುದಾಣ ಅಂತ ಬರೆಸ್ತೀನಿ ಅಕ್ಕಲಮ್ಮ. ಹೋಗೋ ಬರೋ ಬಸ್ಸಿಗೆಲ್ಲ ಕಾಣಂಗೆ," ಎಂದ.

ಅಮ್ಮ ಅಪ್ಪನ ಫೋಟೋ ಮುಂದೆ ಎಡೆ ಹಾಕುತ್ತಿದ್ದಳು. ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ, ಮಿಲ್ಟ್ರಿ ಕ್ಯಾಂಟೀನಿನ ರಮ್ಮು. ತಲೆ ಎತ್ತಿ ಕೇಳಿದಳು. "ದೊಡ್ಡಕ್ಷರದಾಗಾ ಸಾಮಿ?"

ಅಮ್ಮನಿಗೆ ಆಸೆಯಿತ್ತು. ನನಗೂ ಇತ್ತು. ಯಾಕಿರಬಾರದು? ಅಪ್ಪ ಆ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ವರ್ಷ ನಿಂತಿದ್ದ ಎಂದು ನಮಗಲ್ಲವೇ ಗೊತ್ತಿರುವುದು.

ನಮ್ಮ ತಾತ ಊರಿನ ಸತ್ತ ದನ ಹೊರುತ್ತಿದ್ದ. ಊರಿನ ಹೆಣದ ಮುಂದೆ ತಮಟೆ ಬಡಿಯುತ್ತಿದ್ದ. ತಾತನ ಹೆಗಲಲ್ಲಿ ಬೊಂಬು ಒತ್ತಿ ಒತ್ತಿ ಗುಳಿ ಬಿದ್ದಿತ್ತಂತೆ. ಅಪ್ಪ ಒಂದು ಸಲ ಆ ಬೊಂಬಿಗೆ ಹೆಗಲು ಕೊಟ್ಟ. ದನದ ಬಾಯಿಂದ ಸುರಿದ ನೀರು ಅವನ ಬೆನ್ನ ಮೇಲೆ ಇಳಿಯಿತು. ಮಾರನೇ ವರ್ಷ ಸೈನ್ಯಕ್ಕೆ ಆಳು ತೆಗೆಯುವ ಕಡೆ ಬರಿಗಾಲಲ್ಲಿ ಓಡಿ ಸೇರಿಬಿಟ್ಟ. ಹೊರುವುದೇ ಹಣೆಬರಹವಾದರೆ ಬಂದೂಕು ಹೊರುತ್ತೇನೆ ಎಂದನಂತೆ.

ಅಲ್ಲಿಯೂ ಹೊತ್ತ. ಮದ್ದು, ಸೀಮೆಎಣ್ಣೆ ಡಬ್ಬ, ಗಾಯಗೊಂಡ ಗೆಳೆಯರು. ಹಿಮದಲ್ಲಿ ಎಡಗಾಲಿನ ಎರಡು ಬೆರಳು ಕೊಳೆತು ಹೋದವು, ಕತ್ತರಿಸಿ ತೆಗೆದರು. ಆ ಕಾಲಿನಲ್ಲೇ ಉಳಿದ ಸರ್ವೀಸು ಮುಗಿಸಿದ. ನನಗೆ ಯಶೋಧರಾ ಎಂದು ಹೆಸರಿಟ್ಟದ್ದೂ ಅಲ್ಲಿಂದಲೇ. ಜೊತೆಗಿದ್ದ ಮರಾಠಿ ಸಿಪಾಯಿಯೊಬ್ಬ ಬುದ್ಧನ ಕಥೆ ಹೇಳಿದ್ದನಂತೆ. ಊರಿನವರು ಯಸೋದಿ ಎಂದು ಕೂಗಿದರೆ ಅಪ್ಪ ನಿಂತು ತಿದ್ದುತ್ತಿದ್ದ. ಪೂರ್ತಿ ಹೆಸರು ಹೇಳುವವರೆಗೂ ನನ್ನನ್ನು ಹೋಗಲು ಬಿಡುತ್ತಿರಲಿಲ್ಲ.

ರಜೆಗೆ ಬಂದರೆ ಅಪ್ಪ ಮನೆ ಬಿಟ್ಟು ಹೋಗುತ್ತಿರಲಿಲ್ಲ. ನನ್ನ ತಲೆಯ ಹೇನು ಹೆಕ್ಕುತ್ತಿದ್ದ. ಎರಡು ಜಡೆ ಎಷ್ಟು ಬಿಗಿಯಾಗಿ ಹಾಕುತ್ತಿದ್ದನೆಂದರೆ ನನ್ನ ಹುಬ್ಬು ಮೇಲೇರುತ್ತಿತ್ತು. ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆದಾಗ ಅವಳ ಬಟ್ಟೆಗಳನ್ನು ಕೇರಿಯ ನಲ್ಲಿಯ ಹತ್ತಿರ ಹಾಡುಹಗಲೇ ಕೂತು ಒಗೆದ. ಹೆಂಡ್ತಿ ಸೀರೆ ಒಗೆಯೋ ಹವಾಲ್ದಾರ ಎಂದು ನಮ್ಮವರೇ ನಕ್ಕರು. ಅಪ್ಪ ಹಿಂಡಿದ, ಒಣಹಾಕಿದ, ಮಡಚಿದ. ಮಡಿಕೆಯ ಅಂಚು ಒಂದಕ್ಕೊಂದು ಕೂಡಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದ.

ನನ್ನನ್ನು ಚಿಂತಾಮಣಿಗೆ ಕೊಟ್ಟಿದ್ದರು. ಗಂಡ ಕುಡಿದು ಹೊಡೆಯುತ್ತಿದ್ದ. ವಿಷಯ ತಿಳಿದು ಅಪ್ಪ ಬಂದ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ. ಯಾರ ಹತ್ತಿರವೂ ಜಗಳವಾಡಲಿಲ್ಲ. ನನ್ನ ಟ್ರಂಕು ತೆಗೆದು ತಲೆ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟ. ನಾನು ಹಿಂದೆ ಹಿಂದೆ ಹೋದೆ. ನಾಚಿಕೆಯಿಂದ ಬಸ್ಸಿನಲ್ಲಿ ಅಳುತ್ತಿದ್ದೆ.

"ಇದು ಪೋಸ್ಟ್ ಬಿಟ್ಟು ಓಡಿ ಬಂದಂಗಲ್ಲ ಕಣಮ್ಮ," ಎಂದ. "ವಾಪಸ್ ಬಾ ಅಂತ ಆರ್ಡರ್ ಆಗೈತೆ, ಅಷ್ಟೆ."

ಇಂಥ ಅಪ್ಪನಿಗೆ ಆ ಲೋಟ ಬಂದದ್ದು ಅವನು ಸೈನ್ಯದಿಂದ ಬಂದ ವರ್ಷ.

ಬಂದ ವಾರವೇ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ವೆಂಕಟರಾಮಪ್ಪನ ಹೋಟೆಲಿಗೆ ಹೋದ. ಊರಿಗೆ ದೊಡ್ಡ ಫಜೀತಿ. ಎದೆ ಸೆಟೆಸಿ ನಿಂತ ಹವಾಲ್ದಾರನಿಗೆ ಗೂಡಿನ ಒಡಕು ಲೋಟ ಕೊಡುವುದು ಹೇಗೆ? ಬೆಂಚಿನವರ ಗಾಜಿನ ಲೋಟ ಕೊಡುವುದಂತೂ ಆಗದ ಮಾತು. ವೆಂಕಟರಾಮಪ್ಪ ಬುದ್ಧಿವಂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗೌರಿಬಿದನೂರಿನ ಪಾತ್ರೆ ಅಂಗಡಿಗೆ ಹೋಗಿ ಒಂದು ಹೊಸ ಸ್ಟೀಲ್ ಲೋಟ ಕೊಂಡ. ಮದುವೆ ಪಾತ್ರೆಗೆ ಹೆಸರು ಹಾಕಿಸುವಂತೆ ಅದಕ್ಕೆ ಅಪ್ಪನ ಹೆಸರು ಹಾಕಿಸಿದ. ಹತ್ತು ಜನರ ಎದುರಿಗೆ ಅದರಲ್ಲಿ ಟೀ ತುಂಬಿಸಿ ಅಪ್ಪನ ಕೈಗೆ ಕೊಟ್ಟ. ಇದು ನಿಂದೇ, ಇದನ್ನ ಇನ್ಯಾರೂ ಮುಟ್ಟಂಗಿಲ್ಲ ಎಂದ.

ಅಪ್ಪ ಮನೆಗೆ ಬಂದು ಅಮ್ಮನಿಗೆ ಅದನ್ನು ಎರಡೆರಡು ಸಲ ಹೇಳಿದ. ಇನ್ಯಾರೂ ಮುಟ್ಟಂಗಿಲ್ಲ ಎನ್ನುವ ಮಾತನ್ನು ಅವನು ಮರ್ಯಾದೆ ಎಂದುಕೊಂಡಿದ್ದ.

ಆ ಲೋಟಕ್ಕೆ ಹೋಟೆಲಿನ ಹಿಂಗೋಡೆಯಲ್ಲಿ, ನೀರಿನ ತೊಟ್ಟಿಯ ಪಕ್ಕ ಒಂದು ಮೊಳೆ ಹೊಡೆದರು. ಅಪ್ಪ ಹೋಗಿ ಅದನ್ನು ತೆಗೆದುಕೊಳ್ಳಬೇಕು. ಮೇಲಿನಿಂದ ಟೀ ಹುಯ್ಯುತ್ತಾರೆ. ಕುಡಿದು, ತೊಟ್ಟಿಯ ಪಕ್ಕದ ನಲ್ಲಿಯಲ್ಲಿ ತಾನೇ ತೊಳೆದು, ಮತ್ತೆ ಮೊಳೆಗೆ ತಗುಲಿಸಬೇಕು. "ಅವರವರ ಲೋಟ ಅವರವರು ತೊಳ್ಕೊಳ್ಳೋದು, ಅದಲ್ವೇನಪ್ಪ ಮಿಲ್ಟ್ರಿ ಡಿಸಿಪ್ಲೀನು?" ಎಂದು ವೆಂಕಟರಾಮಪ್ಪ ಗಲ್ಲಾದಿಂದ ಹೇಳುತ್ತಿದ್ದ. ಬೆಂಚಿನ ಮೇಲಿದ್ದವರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ.

ಯಾಕೆಂದರೆ ಸೈನ್ಯದಲ್ಲಿ ಅದು ನಿಜ. ಲಂಗರ್ ಎನ್ನುವ ಅಡುಗೆಮನೆಯ ಮುಂದೆ ಸಾಲು ನಿಲ್ಲಬೇಕು. ರೊಟ್ಟಿ ತಿಂದ ತಟ್ಟೆ, ಚಾ ಕುಡಿದ ಮಗ್ಗು, ಅವರವರದ್ದು ಅವರವರೇ ತೊಳೆಯಬೇಕು. ಯಾವ ಜಾತಿಯವನಾದರೂ ತೊಳೆಯಬೇಕು. ಜನ್ಮದಲ್ಲಿ ಮೊದಲ ಸಲ ಅಪ್ಪ ಎಲ್ಲರ ಜೊತೆ ಒಂದೇ ನಲ್ಲಿಯ ಕೆಳಗೆ ಮಗ್ಗು ಹಿಡಿದದ್ದು ಅಲ್ಲಿ. ತನ್ನ ಲೋಟ ತಾನು ತೊಳೆಯುವುದೆಂದರೆ ಅವನಿಗೆ ಸಮಾನತೆ. ಅದೇ ಕೆಲಸ ಊರಿನಲ್ಲಿ ಏನಾಗುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ನಾಲ್ಕು ಜನಕ್ಕಿಂತ ಚೆನ್ನಾಗಿ ತೊಳೆದ. ಒಳಗೆ ಬೆರಳು ಹಾಕಿ ತಿರುವಿ, ಬೆಳಕಿಗೆ ಹಿಡಿದು ನೋಡಿ ತಗುಲಿಸಿದ. ವರ್ಷಗಟ್ಟಲೆ.

ಕೇರಿಗೆಲ್ಲ ಗೊತ್ತಿತ್ತು. ಅಪ್ಪನಿಗೊಬ್ಬನಿಗೇ ಗೊತ್ತಿರಲಿಲ್ಲ. ಗೂಡಿನ ಲೋಟದಲ್ಲಿ ಕುಡಿಯುವ ನಮ್ಮವರಿಗೆ ಅವನು ಬೇರೆಯವನಾದ. ಅವನ ಬೆನ್ನ ಹಿಂದೆ ಲೋಟದ ಮುನಿಗಂಗ ಎಂದರು. ಊರಿನವರಿಗೆ ಅವನು ಯಾವತ್ತೂ ತಮ್ಮವನಾಗಲಿಲ್ಲ. ಬಸ್‌ಸ್ಟ್ಯಾಂಡಿನ ಅರಳಿಕಟ್ಟೆಯ ಮೇಲೆ ಊರಿನವರು ಕೂರುತ್ತಿದ್ದರು. ಕೇರಿಯವರು ಕೆಳಗೆ ನೆಲದ ಮೇಲೆ. ಕಟ್ಟೆ ಹತ್ತುವಂತಿರಲಿಲ್ಲ, ನೆಲದ ಮೇಲೆ ಕೂರಲು ಅಪ್ಪನಿಗೆ ಮನಸ್ಸಿರಲಿಲ್ಲ. ಅದಕ್ಕೇ ಅವನು ನಿಂತೇ ಇರುತ್ತಿದ್ದ, ಬೆರಳಿಲ್ಲದ ಕಾಲಿನ ಮೇಲೆ. ಮುದ್ದೇನಹಳ್ಳಿ ಹತ್ತಿರ ದೊಡ್ಡದೊಂದು ಸಂಸ್ಥೆಯ ಗೇಟಿನಲ್ಲಿ ಅವನಿಗೆ ಸೆಕ್ಯೂರಿಟಿ ಕೆಲಸ. ಅಲ್ಲಿಯೂ ಹಗಲೆಲ್ಲ ನಿಲ್ಲಬೇಕು, ಕಾರುಗಳಿಗೆ ಸಲ್ಯೂಟ್ ಹೊಡೆಯಬೇಕು. ಸಂಜೆ ಬಂದು ಉಪ್ಪುನೀರಿನಲ್ಲಿ ಕಾಲು ಇಟ್ಟುಕೊಂಡು ಜಗಲಿಯ ಮೇಲೆ ಒಬ್ಬನೇ ಕೂರುತ್ತಿದ್ದ. ಅವನ ಜೊತೆ ಕೂತು ಮಾತಾಡುವ ಗಂಡಸು ಆ ಊರಿನಲ್ಲಿ ಒಬ್ಬನೂ ಇರಲಿಲ್ಲ.

ಇಲ್ಲ, ತಪ್ಪಾಯಿತು. ಕ್ಯಾಂಟೀನಿನಿಂದ ರಮ್ಮು ತಂದ ದಿನ ಇರುತ್ತಿದ್ದರು. ಆ ಸಂಜೆ ಊರಿನವರೂ ಕೇರಿಯ ಬೇಲಿವರೆಗೂ ಬಂದು ಮಿಲ್ಟ್ರಿಯವ್ರೇ ಎಂದು ಕೂಗುತ್ತಿದ್ದರು. ಸೀಲ್ ಒಡೆಯದ ಬಾಟಲಿಗೆ ಮೈಲಿಗೆ ಇಲ್ಲ. ಲೋಟ ಮಾತ್ರ ಅವರವರ ಮನೆಯಿಂದಲೇ ತಂದಿರುತ್ತಿದ್ದರು.

ಅಪ್ಪನ ಕಣ್ಣು ತೆರೆಸಿದವನು ಅಸ್ಗರ್ ಚಾಚಾ. ಚಿಂತಾಮಣಿಯವನು, ಅಪ್ಪನ ಜೊತೆ ಒಂದೇ ಬಂಕರಿನಲ್ಲಿ ಇದ್ದವನು. ಈಗ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಗಂಡನ ಮನೆ ಬಿಟ್ಟು ಬಂದ ವರ್ಷ ನನ್ನನ್ನು ನೋಡಲು ಬಂದಿದ್ದ. ಅಪ್ಪ ಹೆಮ್ಮೆಯಿಂದ ಅವನನ್ನು ಹೋಟೆಲಿಗೆ ಕರೆದುಕೊಂಡು ಹೋದ, ನಾನೂ ಜೊತೆಗಿದ್ದೆ. ಚಾಚಾನಿಗೆ ಗಾಜಿನ ಲೋಟದಲ್ಲಿ ಟೀ ಬಂತು. ಅಪ್ಪ ಹಿಂದೆ ಹೋಗಿ ಮೊಳೆಯಿಂದ ಲೋಟ ತಂದ, ಹೆಸರು ತೋರಿಸಿದ. ಇಬ್ಬರೂ ಕುಡಿದರು. ಕುಡಿದ ಮೇಲೆ ಇಬ್ಬರೂ ಅಭ್ಯಾಸ ಬಲದಿಂದ ನಲ್ಲಿಯ ಕಡೆ ಹೊರಟರು. ವೆಂಕಟರಾಮಪ್ಪ ಗಲ್ಲಾದಿಂದ ಎದ್ದೇಬಿಟ್ಟ. ಅಯ್ಯೋ ಸಾಯಬ್ರೇ, ನೀವ್ಯಾಕೆ ತೊಳೀತೀರಿ, ಅಲ್ಲೇ ಇಡಿ, ನಮ್ಮ ಹುಡುಗ್ರು ತೊಳೀತಾರೆ ಎಂದ.

ಅಪ್ಪನ ಕೈ ಆಗಲೇ ನಲ್ಲಿಯ ಕೆಳಗಿತ್ತು.

ಚಾಚಾ ಅವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ಭಾಯಿ, ನಂದು ಅವ್ರು ತೊಳೀತಾರೆ. ನಿಂದು ಯಾಕೆ ನೀನು ತೊಳೀತೀಯಾ?"

ನೀರು ಲೋಟ ತುಂಬಿ ಅಪ್ಪನ ಮುಂಗೈ ಮೇಲೆ ಹರಿಯುತ್ತಲೇ ಇತ್ತು. ಅಪ್ಪನ ಕಿವಿ ಕೆಂಪಾಗಿದ್ದನ್ನು ನಾನು ಅವತ್ತೇ ನೋಡಿದ್ದು. ಕೊನೆಗೆ ನಲ್ಲಿ ನಿಲ್ಲಿಸಿದ. ಲೋಟವನ್ನು ಪೂರ್ತಿ ತೊಳೆದು, ಬೆಳಕಿಗೆ ಹಿಡಿದು ನೋಡಿ, ಮೊಳೆಗೆ ತಗುಲಿಸಿದ. ಹೊರಗೆ ಬಂದ. ಮತ್ತೆ ಸಾಯುವವರೆಗೂ ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ. ಬೈಯಲಿಲ್ಲ, ಕೂಗಲಿಲ್ಲ, ಯಾರಿಗೂ ಹೇಳಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ನನಗೆ ಇವತ್ತಿಗೂ ಅದೇ ಸಿಟ್ಟು.

ಆ ಸಂಜೆ ಅಮ್ಮನನ್ನು ಕೇಳಿದೆ, ನಿನಗೆ ಮೊದಲೇ ಗೊತ್ತಿತ್ತಾ ಎಂದು. "ಗೊತ್ತಿಲ್ದೆ ಏನು?" ಎಂದಳು. "ಊರಾಗೆ ಅವ್ನಿಗೆ ಅಂತ ಒಂದು ಸಂತೋಷ ಇತ್ತು. ಅದನ್ನೂ ನಾನೇ ಕಿತ್ಕೊಳ್ಳಾ?"

ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಅಪ್ಪ ಒಂದು ಕಾನೂನು ಮಾಡಿದ. ಬೆಳಗಿನ ಟೀ ಅವನೇ ಕಾಯಿಸುವುದು, ಶುಂಠಿ ಜಜ್ಜಿ ಹಾಕಿ. ಮೂವರೂ ಒಟ್ಟಿಗೆ ಕುಡಿಯುವುದು. ಆದರೆ ಯಾರೂ ತಮ್ಮ ಲೋಟ ತಾವು ತೊಳೆಯುವಂತಿಲ್ಲ. ಅಮ್ಮನ ಲೋಟ ಅಪ್ಪ ತೊಳೆಯಬೇಕು. ನನ್ನದು ಅಮ್ಮ. ಅಪ್ಪನದು ನಾನು. ಯಾಕೆ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಅಮ್ಮನಿಗೆ ಜ್ವರವಿದ್ದರೆ ನನ್ನ ಲೋಟ ಸಂಜೆವರೆಗೂ ಹಾಗೇ ಇರುತ್ತಿತ್ತು. ನಾನು ತೊಳೆಯಲು ಹೋದರೆ ಅಪ್ಪ ಕೆಮ್ಮುತ್ತಿದ್ದ. ಕಾನೂನು ಎಂದರೆ ಕಾನೂನು.

ಇನ್ನು ಅಪ್ಪ ಸತ್ತದ್ದು. ಅದನ್ನು ಹೇಳಲೇಬೇಕು.

ಬೆಳಗಿನ ಬಸ್ಸಿಗೆ ಕಾಯುತ್ತಾ ನಿಂತಿದ್ದ. ಎಂದಿನಂತೆ ಕಟ್ಟೆ ಬಿಟ್ಟು, ನೆಲ ಬಿಟ್ಟು, ಹೋಟೆಲಿನ ಎದುರಿಗೆ. ಎದೆ ಹಿಡಿದುಕೊಂಡು ಅಲ್ಲೇ ಕುಸಿದ. ಜನ ಸೇರಿದರು. ನೀರು ಎಂದು ಅಪ್ಪ ಬಾಯಿ ಬಿಟ್ಟು ಕೇಳಿದನಂತೆ. ಹೋಟೆಲಿನ ಬಾಗಿಲಲ್ಲಿ ಮೋಹನ್‌ಬಾಬು ನಿಂತಿದ್ದ. ಮೇಜಿನ ಮೇಲೆ ಜಗ್ಗುಗಳಿದ್ದವು. ಸಾಲುಸಾಲು ಗಾಜಿನ ಲೋಟಗಳಿದ್ದವು. ಪೇಪರ್ ಕಪ್ಪಿನ ಕಂತೆ ಇತ್ತು. ಫ್ರಿಜ್ಜಿನಲ್ಲಿ ಬಾಟಲಿ ನೀರು ಇತ್ತು.

"ಮಿಲ್ಟ್ರಿ ಲೋಟ ಎಲ್ಲೈತೋ ನೋಡ್ರೋ," ಎಂದು ಮೋಹನ್‌ಬಾಬು ಒಳಗೆ ಕೂಗಿದನಂತೆ.

ಹುಡುಕಿದರು. ಅಪ್ಪ ಬಿಟ್ಟುಬಂದ ಮೇಲೂ ಆ ಲೋಟ ಅಲ್ಲೇ ಇತ್ತು, ಯಾವುದೋ ಚೀಲದ ಹಿಂದೆ. ಜೇಡರ ಬಲೆ ಕಟ್ಟಿತ್ತು. ಅದನ್ನು ತೊಳೆಯಬೇಕಲ್ಲ, ತೊಳೆದರು. ನೀರು ತುಂಬಿಕೊಂಡು ಬರುವ ಹೊತ್ತಿಗೆ ಆಟೋ ಸ್ಟ್ಯಾಂಡಿನಿಂದ ಹರಿಕೃಷ್ಣ ಓಡಿಬಂದು ತನ್ನ ಬಾಟಲಿಯ ನೀರನ್ನು ಅಪ್ಪನ ಬಾಯಿಗೆ ಬಿಡುತ್ತಿದ್ದ. ನೀರು ಒಳಗೆ ಹೋಗಲಿಲ್ಲ. ಕಟವಾಯಿಯಿಂದ ಇಳಿದು ಇಸ್ತ್ರಿ ಮಾಡಿದ ಕಾಲರು ನೆನೆಯಿತು.

ನೀರು ಸಿಕ್ಕಿದ್ದರೆ ಅಪ್ಪ ಬದುಕುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಡಾಕ್ಟರು ಹಾರ್ಟು ಎಂದರು. ನಮ್ಮಪ್ಪ ಬಾಯಾರಿ ಸತ್ತ ಎಂದು ಹೇಳುತ್ತಿದ್ದೇನೆ. ನೀರಿನ ಎದುರಿಗೆ ಬಿದ್ದು ಬಾಯಾರಿ ಸತ್ತ.

ಹರಿಕೃಷ್ಣ ದೂರು ಕೊಟ್ಟದ್ದು ಅದಕ್ಕೆ. ಮೋಹನ್‌ಬಾಬು ಮಾತ್ರ ಅದನ್ನೂ ಮರ್ಯಾದೆಯ ಲೆಕ್ಕಕ್ಕೇ ಬರೆದುಕೊಂಡಿದ್ದ. ಮಿಲ್ಟ್ರಿಯವರಿಗೆ ಪೇಪರ್ ಕಪ್ಪಲ್ಲಿ ಕೊಟ್ಟರೆ ಅವಮಾನ ಎಂದು ಅವರ ಲೋಟವನ್ನೇ ಹುಡುಕಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ತಿಥಿಯ ದಿನ ನಮ್ಮ ಅಂಗಳದಲ್ಲೂ ಅದನ್ನೇ ಹೇಳಿದ, ಫೋನು ನೋಡಿಕೊಂಡು.

"ಹೌದು ಅಕ್ಕಲಮ್ಮ, ದೊಡ್ಡಕ್ಷರದಾಗೆ," ಎಂದ. "ನೀನು ಒಂದು ಮಾತು ಹೇಳು ಸಾಕು."

ಕೇರಿಯವರೆಲ್ಲ ನೋಡುತ್ತಿದ್ದರು. ಅಸ್ಗರ್ ಚಾಚಾ ಅಪ್ಪನ ಫೋಟೋ ಪಕ್ಕ ಕೂತಿದ್ದ. ಹರಿಕೃಷ್ಣ ಬೇವಿನ ಮರಕ್ಕೆ ಒರಗಿ ತಲೆ ತಗ್ಗಿಸಿದ್ದ. ಅಮ್ಮ ಆ ಮಾತು ಹೇಳಿದರೆ ಅವನ ದೂರು ಸುಳ್ಳಾಗುತ್ತದೆ. ಅವನ ಆಟೋಗೆ ಊರಿನವರು ಯಾರೂ ಹತ್ತುವುದಿಲ್ಲ. ಅಪ್ಪನ ಸಾವೂ ಸುಳ್ಳಾಗುತ್ತದೆ.

ಅಮ್ಮ ಎದ್ದು ಬಂದಳು. ಸೆರಗು ಸರಿ ಮಾಡಿಕೊಂಡು ಎರಡು ಕೈಯಲ್ಲಿ ಲೋಟ ಈಸಿಕೊಂಡಳು. ಹೆಸರಿನ ಮೇಲೆ ಬೆರಳಾಡಿಸಿದಳು. ಅವಳಿಗೆ ಓದು ಬರುವುದಿಲ್ಲ. ಹಾರ ತೆಗೆದು ಬಾಗಿಲಿಗೆ ಸಿಕ್ಕಿಸಿದಳು. ನಿಂತ್ಕೊಳ್ಳಿ ಸಾಮಿ, ಒಂದು ಲೋಟ ಟೀ ಕುಡ್ಕೊಂಡು ಹೋಗಿ, ಸಾವಿನ ಮನೆಯಿಂದ ಬರಿಬಾಯಲ್ಲಿ ಹೋಗಬಾರದು ಎಂದು ಒಳಗೆ ಹೋದಳು. ಶುಂಠಿ ಜಜ್ಜುವ ಸದ್ದು ಬಂತು. ನನಗೆ ಅಮ್ಮನ ಮೇಲೆ ಅಸಹ್ಯವಾಯಿತು. ಇಷ್ಟು ಬೇಗ ಬಗ್ಗಿದಳಲ್ಲ ಎಂದುಕೊಂಡೆ.

ಅಮ್ಮ ಅದೇ ಲೋಟದ ತುಂಬ ಟೀ ತಂದು ಮೋಹನ್‌ಬಾಬುವಿನ ಕೈಗೆ ಕೊಟ್ಟಳು.

ಅವನು ಲೋಟ ನೋಡಿದ. ರಮೇಶ್‌ಬಾಬುವನ್ನು ನೋಡಿದ. ಫೋನಿನ ಕೆಂಪು ಚುಕ್ಕೆ ಮಿನುಗುತ್ತಿತ್ತು. ಆಮೇಲೆ ಕುಡಿದುಬಿಟ್ಟ. ಕೊನೆಯ ಗುಟುಕಿನವರೆಗೂ ಕುಡಿದ. ಕೇರಿಯ ಮನೆಯ ಟೀ, ಕೇರಿಯವನ ಲೋಟದಲ್ಲಿ. ಇದಕ್ಕಿಂತ ಒಳ್ಳೆಯ ಸಾಕ್ಷಿ ಅವನಿಗೆ ಯಾವುದು ಬೇಕಿತ್ತು? ಅವನ ಮುಖದಲ್ಲಿ ಗೆದ್ದ ಕಳೆ ಬಂತು. ನೋಡಿದ್ರಾ ಎನ್ನುವಂತೆ ಎಲ್ಲರ ಕಡೆ ತಿರುಗಿ, ಖಾಲಿ ಲೋಟವನ್ನು ಅಮ್ಮನ ಮುಂದೆ ಚಾಚಿದ.

ಅಮ್ಮ ಕೈ ಚಾಚಲಿಲ್ಲ.

"ಕುಡ್ದಾಯ್ತಲ್ಲ ನಾಯ್ನಾ," ಎಂದಳು. ಜೀವಮಾನವೆಲ್ಲ ಅವನನ್ನು ಸಾಮಿ ಎಂದವಳು ಮಗನನ್ನು ಕರೆಯುವಂತೆ ಕರೆದಳು. "ಬಕೆಟ್ಟು ಅಲ್ಲೈತೆ. ತೊಳ್ದಿಟ್ಟು ಹೋಗು."

ಅವನಿಗೆ ಅರ್ಥವಾಗಲಿಲ್ಲ. ಅಥವಾ ಆಯಿತೋ ಏನೋ. ಏನಂದೆ ಎಂದ.

"ಮರ್ಯಾದೆ ಅಂದ್ಯಲ್ಲ. ನಮ್ಮ ಯಜಮಾನ ಅಷ್ಟು ವರ್ಷ ಇಸ್ಕೊಂಡಿದ್ದ ಮರ್ಯಾದೆ. ನೀನೂ ಒಂದು ದಪ ಇಸ್ಕೋ. ತೊಳಿ. ತೊಳದ್ರೆ ನೀನು ಹೇಳಿದ ಮಾತು ನಾನು ಹೇಳ್ತೀನಿ."

ಅವಳ ದನಿ ಏರಲಿಲ್ಲ. ಬಕೆಟ್ಟು ನಲ್ಲಿಯ ಕೆಳಗಿತ್ತು, ನೀರು ತುಂಬಿತ್ತು. ಮೋಹನ್‌ಬಾಬು ನಿಂತಲ್ಲಿಂದ ಅಲ್ಲಿಗೆ ಹೆಚ್ಚೇನೂ ದೂರವಿರಲಿಲ್ಲ. ಬಗ್ಗಬೇಕಿತ್ತು, ಅಷ್ಟೆ. ಕುಡಿದದ್ದನ್ನು ಅವನು ಸಾಹೇಬರಿಗೆ ತೋರಿಸಬಹುದು. ಕೇರಿಯ ಅಂಗಳದಲ್ಲಿ ಬಗ್ಗಿ ಲೋಟ ತೊಳೆದದ್ದನ್ನು ಅವನ ಬೀದಿಗೆ ತೋರಿಸುವ ಹಾಗಿಲ್ಲ. ಅವನ ಕೈ ಲೋಟ ಹಿಡಿದು ಹಾಗೇ ಗಾಳಿಯಲ್ಲಿತ್ತು. ತಗೊಳ್ಳುವವರು ಯಾರೂ ಇರಲಿಲ್ಲ. ಒಬ್ಬರೂ ಮುಂದೆ ಬರಲಿಲ್ಲ. ಊರಿನವನ ಕೈಯಲ್ಲಿ ಎಂಜಲು ಲೋಟ ಇಷ್ಟು ಹೊತ್ತು ಇದ್ದದ್ದನ್ನು ನಾನು ಕಂಡದ್ದು ಅವತ್ತೇ.

"ಆಫ್ ಮಾಡೋ ಅದನ್ನ," ಎಂದು ರಮೇಶ್‌ಬಾಬು ಮೇಲೆ ರೇಗಿದ. ಲೋಟವನ್ನು ಜಗಲಿಯ ಮೇಲೆ ಕುಕ್ಕಿ ಬೈಕು ಹತ್ತಿದ. ತಂಗುದಾಣದ ಹೆಸರೂ ಅವನ ಜೊತೆಯೇ ಬೈಕು ಹತ್ತಿ ಹೋಯಿತು.

ಅಸ್ಗರ್ ಚಾಚಾ ಎದ್ದು ಬಂದ, ಕೊಡಿ ಭಾಬಿ ನಾನು ತೊಳೀತೀನಿ ಎಂದು ಲೋಟಕ್ಕೆ ಕೈ ಹಾಕಿದ.

"ಬೇಡ ಭಾಯಿ," ಎಂದಳು ಅಮ್ಮ. "ಕುಡ್ದೋನು ಬರ್ಲಿ."

ಸೋಮವಾರ ಅಮ್ಮ ಆ ಲೋಟವನ್ನು ಹಾಗೇ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ತಳದಲ್ಲಿ ಟೀ ಒಣಗಿ ಕರೆ ಕಟ್ಟಿತ್ತು, ಇರುವೆ ಮುತ್ತಿತ್ತು. ಅರಳಿಕಟ್ಟೆ ಹತ್ತಿ ಕೂತಳು. ನಾನು ಪಕ್ಕದಲ್ಲಿ ಕೂತೆ. ನೋಡುತ್ತಾ ನೋಡುತ್ತಾ ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರೇ ಇಳಿದು ಹೋದರು. ಹೋಟೆಲಿನಲ್ಲಿ ಅವತ್ತು ಎಲ್ಲರಿಗೂ ಪೇಪರ್ ಕಪ್ಪು. ಗಾಜಿನ ಲೋಟ ಒಂದೂ ಕಾಣಲಿಲ್ಲ. ಸಾಹೇಬರು ಬಂದು ಅಮ್ಮನನ್ನು ಏನಮ್ಮ ನಿನ್ನ ತಕರಾರು ಎಂದು ಕೇಳಿದರು. ಅಮ್ಮ ಲೋಟ ಮುಂದಿಟ್ಟಳು. ಇದರಾಗೆ ಕುಡಿದೋರು ಒಳಗೆ ಅವ್ರೆ, ತೊಳೆಯಾಕೆ ಹೇಳಿ ಸಾರ್ ಎಂದಳು. ಬೇರೇನೂ ಹೇಳಲಿಲ್ಲ. ಸಾಹೇಬರು ಲೋಟ ನೋಡಿದರು, ಹೋಟೆಲಿನ ಕಡೆ ನೋಡಿದರು, ಕೈಗಡಿಯಾರ ನೋಡಿಕೊಂಡರು. ವಿಚಾರಣೆ ಮುಂದಕ್ಕೆ ಹೋಗಿದೆ. ಲೋಟ ಕಟ್ಟೆಯ ಮೇಲೇ ಇದೆ. ಊರಿನವರು ಅದನ್ನು ಮುಟ್ಟುವುದಿಲ್ಲ, ಕೇರಿಯವರು ಎತ್ತುವುದಿಲ್ಲ.

ಮನೆಯಲ್ಲಿ ಈಗ ಟೀ ನಾನು ಕಾಯಿಸುತ್ತೇನೆ. ಅಮ್ಮ ನನ್ನ ಲೋಟ ತೊಳೆಯುತ್ತಾಳೆ. ಅವಳದನ್ನು ಅಪ್ಪ ತೊಳೆಯುತ್ತಿದ್ದ, ಈಗ ನಾನು ತೊಳೆಯುತ್ತೇನೆ. ಕಾನೂನು ತಪ್ಪಿಲ್ಲ. ಆದರೆ ಅಪ್ಪನ ಲೋಟ ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಬೆಳಿಗ್ಗೆ ನನ್ನ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಅದು ಒಣಗಿರುತ್ತದೆ, ಯಾರೂ ಕುಡಿದಿರುವುದಿಲ್ಲ. ಆದರೂ ನಲ್ಲಿಯ ಕೆಳಗೆ ಹಿಡಿದು, ಬೆರಳು ಹಾಕಿ ತಿರುವಿ, ಬೆಳಕಿಗೆ ಎತ್ತಿ ನೋಡಿ ಮಗುಚಿ ಇಡುತ್ತೇನೆ. ಅಮ್ಮ ಅತ್ತ ತಿರುಗಿಕೊಳ್ಳುತ್ತಾಳೆ.